ಸೋರುವ ಕೂಲೆಂಟ್: ಹಳೆಯ ಕಾರಿನ ಎಂಜಿನ್ ಕಲಿಸುವ ಉಷ್ಣವಿಜ್ಞಾನ

ಶಿರಾಡಿ, ಚಾರ್ಮಾಡಿ ಅಥವಾ ಆಗುಂಬೆ ಘಾಟಿಯಲ್ಲಿ ಪ್ರಯಾಣ ಮಾಡಿದ್ದರೆ, ರಸ್ತೆಯ ಅಂಚಿನಲ್ಲಿ ಬಾನೆಟ್ ತೆರೆದು ನಿಂತ ಹಳೆಯ ಕಾರು ಅಥವಾ ಜೀಪನ್ನು ನೀವು ನೋಡಿರುತ್ತೀರಿ. ಮುಂಭಾಗದಿಂದ ಬುಸುಬುಸು ಎಂದು ಹಬೆ ಏಳುತ್ತಿರುತ್ತದೆ. ಚಾಲಕ ಕೈಯಲ್ಲಿ ನೀರಿನ ಬಾಟಲಿ ಹಿಡಿದು ಕಾಯುತ್ತಿರುತ್ತಾನೆ. 'ಎಂಜಿನ್ ಹೀಟ್ ಆಯ್ತು' ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಇಂಥ ಅನೇಕ ಪ್ರಸಂಗಗಳ ಹಿಂದೆ ವಾರಗಟ್ಟಲೆ ಯಾರೂ ಗಮನಿಸದೆ ಹನಿಹನಿಯಾಗಿ ಸೋರಿದ ದ್ರವ ಇರುತ್ತದೆ. ಅದೇ ಕೂಲೆಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ಶೀತಕ ದ್ರವ.

ಸೋರಿಕೆ ಚಿಕ್ಕದಿದ್ದಾಗ ಅದನ್ನು ಮನೆಯಲ್ಲಿಯೇ ಸರಿಪಡಿಸಬಹುದು. ಸ್ಕ್ರೂಡ್ರೈವರ್, ಬಕೆಟ್, ಒಂದು ಹೊಸ ಹೋಸ್ ಪೈಪ್ ಇದ್ದರೆ ಸಾಕು. ಇವುಗಳ ಜೊತೆಗೆ ಸ್ವಲ್ಪ ಭೌತವಿಜ್ಞಾನವೂ ಬೇಕು. ಆ ವಿಜ್ಞಾನ ತಿಳಿಯದೆ ಕೈ ಹಾಕಿದರೆ ಮುಖ, ಕೈ ಸುಟ್ಟುಕೊಳ್ಳುವ ಅಪಾಯವಿದೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800ನಂಥ ಹಳೆಯ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯವನ್ನು ನೋಡೋಣ.

ಎಂಜಿನ್‌ಗೆ ತಂಪು ಏಕೆ ಬೇಕು?

ಪೆಟ್ರೋಲ್ ಉರಿದಾಗ ಸಿಲಿಂಡರಿನೊಳಗಿನ ಅನಿಲದ ತಾಪ ಕ್ಷಣಮಾತ್ರ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಅಂದರೆ ತಂಪು ಮಾಡುವ ವ್ಯವಸ್ಥೆ ಇಲ್ಲದಿದ್ದರೆ ಎಂಜಿನ್ ಹೆಚ್ಚು ಹೊತ್ತು ಉಳಿಯಲಾರದು.

ಪೆಟ್ರೋಲಿನ ಶಕ್ತಿಯನ್ನು ಸ್ಥೂಲವಾಗಿ ಮೂರು ಪಾಲು ಮಾಡಬಹುದು. ಒಂದು ಪಾಲು ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ, ಇನ್ನೊಂದು ಹೊಗೆಕೊಳವೆಯ ಮೂಲಕ ಹೊರಕ್ಕೆ, ಮೂರನೆಯದು ಎಂಜಿನ್ನಿನ ಲೋಹದ ಮೂಲಕ ಕೂಲೆಂಟ್‌ಗೆ ಹೋಗುತ್ತದೆ. ಒಂದು ಸರಳ ಲೆಕ್ಕ ಮಾಡಿ. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿ, ಲೀಟರಿಗೆ 16 ಕಿ.ಮೀ. ಕೊಡುತ್ತ ಓಡುತ್ತಿದೆ ಎಂದುಕೊಳ್ಳಿ. ಗಂಟೆಗೆ ಸುಮಾರು 3.1 ಲೀಟರ್ ಪೆಟ್ರೋಲ್ ಖರ್ಚಾಗುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇರುವುದರಿಂದ ಗಂಟೆಗೆ ಸುಮಾರು 100 ಮೆಗಾಜೂಲ್, ಅಂದರೆ 28 ಕಿಲೋವಾಟ್. ಇದರ ಮೂರನೆಯ ಒಂದು ಭಾಗ ಸುಮಾರು 9 ಕಿಲೋವಾಟ್. ಬಚ್ಚಲಮನೆಯಲ್ಲಿ ನೀರು ಕಾಯಿಸುವ ಒಂದು ಕಿಲೋವಾಟಿನ ಕಾಯಿಲ್‌ಗಳು ಒಂಬತ್ತನ್ನು ಒಟ್ಟಿಗೆ ಹಚ್ಚಿದಷ್ಟು ಉಷ್ಣ!

ಈ ಉಷ್ಣವನ್ನು ಹೊರಹಾಕದೆ 4 ಲೀಟರ್ ನೀರಿಗೆ ತುಂಬುತ್ತ ಹೋದರೆ ಏನಾಗುತ್ತದೆ? ನೀರಿನ ವಿಶಿಷ್ಟೋಷ್ಣ ಪ್ರತಿ ಕಿಲೋಗ್ರಾಮಿಗೆ, ಪ್ರತಿ ಡಿಗ್ರಿಗೆ 4.2 ಕಿಲೋಜೂಲ್. 4 ಕಿ.ಗ್ರಾಂ. ನೀರಿಗೆ ಒಂದು ಡಿಗ್ರಿ ಏರಲು 16.8 ಕಿಲೋಜೂಲ್ ಸಾಕು. ಸೆಕೆಂಡಿಗೆ 9 ಕಿಲೋಜೂಲ್ ಬರುತ್ತಿರುವಾಗ 30 ಡಿಗ್ರಿಯ ನೀರು 100 ಡಿಗ್ರಿಗೆ ಏರಲು ಎರಡು ನಿಮಿಷಕ್ಕಿಂತ ತುಸು ಹೆಚ್ಚು ಸಮಯ ಸಾಕು. ಎಂಜಿನ್ನಿನ ಲೋಹವೂ ಬಿಸಿಯಾಗಬೇಕಾದ್ದರಿಂದ ನಿಜದಲ್ಲಿ ಇನ್ನೂ ಕೆಲವು ನಿಮಿಷ ಹಿಡಿಯುತ್ತದೆ, ಅಷ್ಟೆ. ಕೂಲೆಂಟ್ ಕಡಿಮೆಯಾದ ಕಾರು ಏಕೆ ಅಷ್ಟು ಬೇಗ 'ಕುದಿಯುತ್ತದೆ' ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲಿದೆ.

ದ್ರವದ ದಾರಿ

1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೋಟಾರು ಗಾಡಿಯಲ್ಲಿ ನೀರು ಆವಿಯಾಗಿ ಹೋಗುತ್ತಲೇ ಎಂಜಿನ್ ತಂಪಾಗುತ್ತಿತ್ತು. ಆಗಾಗ ನೀರು ತುಂಬಬೇಕಾಗುತ್ತಿತ್ತು. 1901ರ ಹೊತ್ತಿಗೆ ವಿಲ್ಹೆಲ್ಮ್ ಮೇಬ್ಯಾಕ್ ಮರ್ಸಿಡಿಸ್ ಕಾರಿಗೆ ಜೇನುಗೂಡಿನಂಥ ರೇಡಿಯೇಟರ್ ಅಳವಡಿಸಿದರು. ಗಾಳಿಗೆ ಒಡ್ಡಿಕೊಳ್ಳುವ ಮೇಲ್ಮೈ ಹೆಚ್ಚಿದಂತೆ ಕಡಿಮೆ ನೀರಿನಿಂದಲೇ ಹೆಚ್ಚು ಉಷ್ಣ ಹೊರಹಾಕಲು ಸಾಧ್ಯವಾಯಿತು. ಇಂದಿನ ರೇಡಿಯೇಟರ್‌ಗಳದ್ದೂ ಇದೇ ತತ್ತ್ವ. ಹೆಸರು 'ರೇಡಿಯೇಟರ್' ಆದರೂ ಅದು ಮುಖ್ಯವಾಗಿ ಉಷ್ಣ ಕಳೆಯುವುದು ವಿಕಿರಣದಿಂದಲ್ಲ, ಬೀಸುವ ಗಾಳಿಗೆ ನಡೆಯುವ ಸಂವಹನದಿಂದ.

ವಾಟರ್ ಪಂಪ್ ದ್ರವವನ್ನು ಎಂಜಿನ್ನಿನೊಳಗಿನ ಸಂದುಗಳಲ್ಲಿ ಹರಿಸುತ್ತದೆ. ಬಿಸಿಯಾದ ದ್ರವ ಮೇಲಿನ ರಬ್ಬರ್ ಹೋಸ್ ಮೂಲಕ ರೇಡಿಯೇಟರ್ ಸೇರಿ, ತಂಪಾಗಿ, ಕೆಳಗಿನ ಹೋಸ್ ಮೂಲಕ ಮರಳುತ್ತದೆ. ನಡುವೆ ಥರ್ಮೋಸ್ಟಾಟ್ ಎಂಬ ಕಾವಲುಗಾರ. ಅದರೊಳಗಿನ ಮೇಣ ಸುಮಾರು 80ರಿಂದ 90 ಡಿಗ್ರಿಯಲ್ಲಿ ಕರಗಿ ಹಿಗ್ಗಿ ಕವಾಟವನ್ನು ತೆರೆಯುತ್ತದೆ. ಅಲ್ಲಿಯವರೆಗೆ ದ್ರವ ರೇಡಿಯೇಟರ್‌ಗೆ ಹೋಗುವುದಿಲ್ಲ. ಹೀಗಾಗಿ ಎಂಜಿನ್ ಬೇಗ ತನ್ನ ಸರಿಯಾದ ತಾಪ ತಲುಪುತ್ತದೆ. ಹೀಟ್ ಆಗುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತು ಹಾಕುವ ರೂಢಿ ಕೆಲವೆಡೆ ಇದೆ. ಹಾಗೆ ಮಾಡಿದರೆ ಎಂಜಿನ್ ಬಹಳ ಹೊತ್ತು ತಣ್ಣಗೇ ಓಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚುತ್ತದೆ.

ರೇಡಿಯೇಟರ್ ಮುಚ್ಚಳವೂ ಪ್ರೆಷರ್ ಕುಕ್ಕರೂ

1679ರಲ್ಲಿ ಡೆನಿಸ್ ಪಾಪಿನ್ ರೂಪಿಸಿದ ಬೇಯಿಸುವ ಪಾತ್ರೆ ಇಂದಿನ ಪ್ರೆಷರ್ ಕುಕ್ಕರಿನ ಮೂಲಪುರುಷ. ಒತ್ತಡ ಹೆಚ್ಚಿದಂತೆ ನೀರಿನ ಕುದಿಬಿಂದು ಏರುತ್ತದೆ ಎಂಬ ತತ್ತ್ವವನ್ನೇ ರೇಡಿಯೇಟರ್ ಮುಚ್ಚಳವೂ ಬಳಸುತ್ತದೆ. ಅದರ ಸ್ಪ್ರಿಂಗ್ ಕವಾಟ ಸುಮಾರು 0.9 ಬಾರ್ ಹೆಚ್ಚುವರಿ ಒತ್ತಡವನ್ನು ತಡೆಹಿಡಿಯುತ್ತದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಈ ಒತ್ತಡದಲ್ಲಿ ಸುಮಾರು 118 ಡಿಗ್ರಿಯವರೆಗೆ ಕುದಿಯದೆ ದ್ರವವಾಗಿಯೇ ಇರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯಲ್ಲೇ ಕುದಿಯುವುದರಿಂದ ಅಲ್ಲಿ ಈ ಮುಚ್ಚಳದ ಪಾತ್ರ ಇನ್ನೂ ದೊಡ್ಡದು.

ಈಗ ಮುಖ್ಯ ಪ್ರಶ್ನೆ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಥಟ್ಟನೆ ತೆರೆದರೆ? ಒಳಗೆ 115 ಡಿಗ್ರಿಯ 4 ಕಿ.ಗ್ರಾಂ. ನೀರಿದೆ ಎನ್ನಿ. ಒತ್ತಡ ಇಳಿದೊಡನೆ ಅದು 100 ಡಿಗ್ರಿಗೆ ಬರಲೇಬೇಕು. ಬಿಡುಗಡೆಯಾಗುವ ಉಷ್ಣ 4 × 4.2 × 15, ಅಂದರೆ 252 ಕಿಲೋಜೂಲ್. ಒಂದು ಕಿ.ಗ್ರಾಂ. ನೀರು ಹಬೆಯಾಗಲು ಬೇಕಾದ ಗುಪ್ತೋಷ್ಣ ಸುಮಾರು 2260 ಕಿಲೋಜೂಲ್. ಆದ್ದರಿಂದ ಸುಮಾರು 110 ಗ್ರಾಂ ನೀರು ಕ್ಷಣಾರ್ಧದಲ್ಲಿ ಹಬೆಯಾಗುತ್ತದೆ. ಒಂದು ಗ್ರಾಂ ನೀರಿನಿಂದ ಸುಮಾರು 1.7 ಲೀಟರ್ ಹಬೆ ಹುಟ್ಟುವುದರಿಂದ ಒಟ್ಟು 185 ಲೀಟರಿಗೂ ಹೆಚ್ಚು ಹಬೆ! ಅದು ಕುದಿನೀರನ್ನೂ ಎಳೆದುಕೊಂಡು ಕಿರಿದಾದ ಬಾಯಿಂದ ನಿಮ್ಮ ಮುಖದತ್ತ ಚಿಮ್ಮುತ್ತದೆ. ಹಬೆ ಚರ್ಮದ ಮೇಲೆ ನೀರಾಗುವಾಗ ಅದೇ ಗುಪ್ತೋಷ್ಣವನ್ನು ಚರ್ಮಕ್ಕೆ ಕೊಡುತ್ತದೆ. ಹಾಗಾಗಿ ಗಾಯ ಆಳವಾಗುತ್ತದೆ. ಎಂಜಿನ್ ಬಿಸಿಯಿರುವಾಗ ಮುಚ್ಚಳ ಮುಟ್ಟಬಾರದು ಎಂಬ ನಿಯಮಕ್ಕೆ ವಿನಾಯಿತಿ ಇಲ್ಲ.

ಮುಚ್ಚಳದಲ್ಲಿ ಎರಡನೆಯ ಪುಟ್ಟ ಕವಾಟವೂ ಇದೆ. ಎಂಜಿನ್ ಆರಿದಾಗ ದ್ರವ ಕುಗ್ಗಿ ಒಳಗೆ ಒತ್ತಡ ತಗ್ಗುತ್ತದೆ. ಆಗ ಈ ಕವಾಟ ತೆರೆದು, ಪಕ್ಕದ ಪ್ಲಾಸ್ಟಿಕ್ ಡಬ್ಬಿಯಿಂದ ದ್ರವವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ತಣ್ಣಗಾದ ಎಂಜಿನ್ನಿನಲ್ಲಿ ಮೇಲಿನ ಹೋಸ್ ಚಪ್ಪಟೆಯಾಗಿ ಕುಗ್ಗಿದ್ದರೆ ಈ ಕವಾಟ ಕೆಟ್ಟಿರಬಹುದೆಂದು ತಿಳಿಯಿರಿ.

ಬರೀ ನೀರು ಏಕೆ ಸಾಲದು?

ಕೂಲೆಂಟ್ ಎಂದರೆ ನೀರು, ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕುನಿರೋಧಕ ರಾಸಾಯನಿಕಗಳ ಮಿಶ್ರಣ. ಗ್ಲೈಕಾಲ್‌ಗೆ ಬಣ್ಣವಿಲ್ಲ. ಹಸಿರು, ಗುಲಾಬಿ, ನೀಲಿ ಎಲ್ಲವೂ ತಯಾರಕರು ಬೆರೆಸುವ ಬಣ್ಣಗಳು. ಶುದ್ಧ ಗ್ಲೈಕಾಲ್ ಸುಮಾರು ಮೈನಸ್ 13 ಡಿಗ್ರಿಯಲ್ಲಿ ಘನೀಕರಿಸುತ್ತದೆ. ಆದರೆ ಅಷ್ಟೇ ನೀರಿನೊಡನೆ ಬೆರೆತಾಗ ಘನೀಕರಣ ಬಿಂದು ಮೈನಸ್ 37 ಡಿಗ್ರಿಯ ಸಮೀಪಕ್ಕೆ ಇಳಿಯುತ್ತದೆ! ಕರ್ನಾಟಕದಲ್ಲಿ ಎಂಜಿನ್ ಹೆಪ್ಪುಗಟ್ಟುವ ಭಯವಿಲ್ಲ. ಇಲ್ಲಿ ನಮಗೆ ಮುಖ್ಯವಾಗುವುದು ಕುದಿಬಿಂದುವಿನ ಏರಿಕೆ ಮತ್ತು ತುಕ್ಕಿನಿಂದ ರಕ್ಷಣೆ. ಹಾಗೆಂದು ನೀರು ಬೆರೆಸದ ಕೂಲೆಂಟ್ ಸುರಿಯಬಾರದು. ಗ್ಲೈಕಾಲ್‌ನ ವಿಶಿಷ್ಟೋಷ್ಣ ನೀರಿಗಿಂತ ಬಹಳ ಕಡಿಮೆ, ಸುಮಾರು 2.4. ಹೀಗಾಗಿ ಅದೊಂದೇ ಇದ್ದರೆ ಉಷ್ಣ ಸಾಗಿಸುವ ಶಕ್ತಿ ಕುಂದುತ್ತದೆ.

ಎಂಜಿನ್ನಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಬೆಸುಗೆಯ ಲೋಹ ಎಲ್ಲವೂ ಒಂದೇ ದ್ರವದಲ್ಲಿ ನೆನೆಯುತ್ತವೆ. ಲವಣ ಕರಗಿದ ನೀರಿನಲ್ಲಿ ಎರಡು ಭಿನ್ನ ಲೋಹಗಳಿದ್ದರೆ ಅದೊಂದು ವಿದ್ಯುತ್ಕೋಶವೇ ಸರಿ. ಹೆಚ್ಚು ಪಟುವಾದ ಲೋಹ ನಿಧಾನವಾಗಿ ಕರಗುತ್ತದೆ. ನಿರೋಧಕಗಳು ಇದನ್ನು ತಡೆಯುತ್ತವೆ. ಆದರೆ ಅವು ವರ್ಷಗಳಲ್ಲಿ ಕ್ಷೀಣಿಸುವುದರಿಂದ ತಯಾರಕರು ಹೇಳಿದ ಅವಧಿಗೆ ಕೂಲೆಂಟನ್ನು ಬದಲಿಸಬೇಕು.

ಬೋರ್‌ವೆಲ್ ನೀರಿನದು ಇನ್ನೊಂದು ಕಥೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಾದಾಗ ವಿಭಜನೆಗೊಂಡು ಕ್ಯಾಲ್ಸಿಯಂ ಕಾರ್ಬನೇಟಾಗಿ ಗೋಡೆಗೆ ಅಂಟುತ್ತದೆ. ಹಂಡೆಯ ತಳದಲ್ಲಿ ಕಾಣುವ ಬಿಳಿ ಹಕ್ಕಳೆ ಇದೇ. ತಾಮ್ರಕ್ಕೆ ಹೋಲಿಸಿದರೆ ಅದರ ಉಷ್ಣವಾಹಕತೆ ನೂರರಲ್ಲಿ ಒಂದು ಪಾಲಿನಷ್ಟೂ ಇಲ್ಲ. ಆದ್ದರಿಂದ ಕೂಲೆಂಟ್ ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸುವುದು ಒಳ್ಳೆಯದು.

ಸೋರಿಕೆ ಎಲ್ಲಿ? ಪತ್ತೇದಾರಿ ಕೆಲಸ

ರಾತ್ರಿ ಕಾರಿನ ಮುಂಭಾಗದ ಕೆಳಗೆ ಹಳೆಯ ರಟ್ಟು ಹಾಸಿ. ಬೆಳಿಗ್ಗೆ ಕಲೆಗಳನ್ನು ನೋಡಿ. ಕಪ್ಪು, ಕಂದು ಬಣ್ಣದ ಜಿಡ್ಡು ಆಯಿಲ್. ಬಣ್ಣವಿಲ್ಲದ ನೀರಾದರೆ ಅದು ಏರ್‌ಕಂಡೀಷನರ್‌ನಿಂದ ಇಳಿದದ್ದು. ಹಸಿರು ಅಥವಾ ಗುಲಾಬಿ ಬಣ್ಣದ ತುಸು ಜಾರುವ ದ್ರವ ಕೂಲೆಂಟ್. ಕಲೆ ಬಿದ್ದ ಜಾಗದಿಂದ ಮೇಲಕ್ಕೆ ಹುಡುಕುತ್ತ ಹೋಗಿ. ದ್ರವ ಲೋಹದ ಮೇಲೆ ಹರಿದು ಬೇರೆಡೆ ತೊಟ್ಟಿಕ್ಕುವುದುಂಟು. ಹಾಗಾಗಿ ಒದ್ದೆಯಾದ ಅತ್ಯಂತ ಮೇಲಿನ ಜಾಗವೇ ಮೂಲ. ಆರಿದ ಸೋರಿಕೆ ಬಿಳಿ ಅಥವಾ ಹಸಿರು ಹಕ್ಕಳೆಯ ಗುರುತು ಬಿಟ್ಟಿರುತ್ತದೆ.

ಈ ಜಾಗಗಳನ್ನು ಕ್ರಮವಾಗಿ ನೋಡಿ: ಹೋಸ್‌ಗಳ ತುದಿ ಮತ್ತು ಕ್ಲಿಪ್‌ಗಳು, ಹೋಸ್‌ನ ಮೈ, ರೇಡಿಯೇಟರ್‌ನ ಕೊಳವೆ ಮತ್ತು ಕೀಲುಗಳು, ಮುಚ್ಚಳದ ರಬ್ಬರ್, ವಾಟರ್ ಪಂಪ್. ಪಂಪಿನ ಕೆಳಗೆ ಒಂದು ಪುಟ್ಟ ರಂಧ್ರವಿದೆ. ಒಳಗಿನ ಸೀಲ್ ಸವೆದಾಗ ದ್ರವ ಬೇರಿಂಗಿಗೆ ಹೋಗದೆ ಹೊರಗೆ ತೊಟ್ಟಿಕ್ಕಲೆಂದೇ ಅದನ್ನು ಬಿಟ್ಟಿರುತ್ತಾರೆ. ಅದನ್ನು ಮುಚ್ಚುವುದು ಪರಿಹಾರವಲ್ಲ, ಪಂಪ್ ಬದಲಿಸಬೇಕು.

ತಣ್ಣಗಿನ ಹೋಸನ್ನು ಬೆರಳಲ್ಲಿ ಅಮುಕಿ ನೋಡಿ. ಗಟ್ಟಿಯಾಗಿ ಬಿರುಕು ಕಂಡರೆ, ಇಲ್ಲವೇ ಮೆತ್ತಗೆ ಉಬ್ಬಿದ್ದರೆ ಅದರ ಆಯುಸ್ಸು ಮುಗಿದಿದೆ. ಕೆಲವು ಬಿರುಕು ಒತ್ತಡ ಬಂದಾಗ ಮಾತ್ರ ಬಾಯಿ ಬಿಡುತ್ತವೆ. ಅಂಥವನ್ನು ಗ್ಯಾರೇಜಿನಲ್ಲಿ ಕೈಪಂಪಿನಿಂದ ಒತ್ತಡ ಕೊಟ್ಟು ಪತ್ತೆಹಚ್ಚುತ್ತಾರೆ.

ಹೋಸ್ ಬದಲಿಸುವ ಬಗೆ

ಹಳೆಯ ಕಾರುಗಳಲ್ಲಿ ಬಹಳ ಸಾಮಾನ್ಯವಾದ, ಮನೆಯಲ್ಲಿ ಮಾಡಬಹುದಾದ ದುರಸ್ತಿ ಇದು.

1. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎರಡು ಮೂರು ಗಂಟೆ ಬಿಡಿ. ಮೇಲಿನ ಹೋಸ್ ಮುಟ್ಟಿದರೆ ತಣ್ಣಗಿರಬೇಕು. ಅನಂತರವೇ ಮುಚ್ಚಳ ತೆಗೆಯಿರಿ.

2. ಬ್ಯಾಟರಿಯ ಋಣ ತಂತಿ ಬಿಚ್ಚಿ. ಕೆಲವು ಕಾರುಗಳಲ್ಲಿ ವಿದ್ಯುತ್ ಫ್ಯಾನ್ ಕೀಲಿ ತೆಗೆದ ಮೇಲೂ ತಾನಾಗಿ ತಿರುಗಬಲ್ಲದು.

3. ಕೆಳಗೆ ಬಕೆಟ್ ಇಟ್ಟು, ರೇಡಿಯೇಟರ್‌ನ ಕೆಳಗಿನ ತಿರುಪಿನಿಂದ ದ್ರವ ಇಳಿಸಿ.

4. ಕ್ಲಿಪ್ ಸಡಿಲಿಸಿ ಹೋಸನ್ನು ತಿರುಚುತ್ತ ಎಳೆಯಿರಿ. ಬಾರದಿದ್ದರೆ ಸ್ಕ್ರೂಡ್ರೈವರಿನಿಂದ ಮೀಟಬೇಡಿ. ರೇಡಿಯೇಟರ್‌ನ ಕುತ್ತಿಗೆ ಹಿತ್ತಾಳೆಯದಾದರೆ ಬಾಗುತ್ತದೆ, ಪ್ಲಾಸ್ಟಿಕ್ಕಾದರೆ ಮುರಿಯುತ್ತದೆ. ಹೇಗೂ ಹೋಸ್ ಹಳೆಯದು, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ.

5. ಕುತ್ತಿಗೆಯ ಮೇಲಿನ ಹಕ್ಕಳೆಯನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ. ಸೋರಿಕೆಗೆ ಎಷ್ಟೋ ಸಲ ಈ ಒರಟು ಮೇಲ್ಮೈಯೇ ಕಾರಣ.

6. ಹಳೆಯ ಹೋಸ್ ಅಂಗಡಿಗೆ ಒಯ್ದು ಅದೇ ಒಳವ್ಯಾಸ, ಅದೇ ಬಾಗಿನ ಹೊಸದನ್ನು ತನ್ನಿ. ಮೊದಲು ಹೋಸ್ ಮೇಲೆ ಕ್ಲಿಪ್ ಏರಿಸಿ, ಆಮೇಲೆ ಕುತ್ತಿಗೆಯ ಉಬ್ಬು ದಾಟುವವರೆಗೆ ಹೋಸನ್ನು ತಳ್ಳಿ. ಕ್ಲಿಪ್ ಕೂರಬೇಕಾದದ್ದು ಉಬ್ಬಿನ ಮೇಲಲ್ಲ, ಉಬ್ಬಿಗೂ ಹೋಸ್‌ನ ತುದಿಗೂ ನಡುವೆ. ರಬ್ಬರ್ ಕತ್ತರಿಸುವಷ್ಟು ಬಿಗಿಯಬೇಡಿ.

ತುಂಬುವಾಗ ಗಾಳಿಯ ಬಗ್ಗೆ ಎಚ್ಚರ

ಕೆಳಗಿನ ತಿರುಪು ಬಿಗಿದು, ಬ್ಯಾಟರಿ ತಂತಿ ಜೋಡಿಸಿ, ಕೂಲೆಂಟನ್ನು ನಿಧಾನವಾಗಿ ಸುರಿಯಿರಿ. ಬೇಗ ಸುರಿದರೆ ಒಳಗೆ ಗಾಳಿ ಸಿಕ್ಕಿಬೀಳುತ್ತದೆ. ಗಾಳಿಗುಳ್ಳೆ ಇರುವೆಡೆ ಲೋಹಕ್ಕೆ ದ್ರವ ತಾಗದೆ ಆ ಜಾಗ ಮಾತ್ರ ಅತಿಯಾಗಿ ಕಾಯುತ್ತದೆ. ಹೀಟರ್ ಇದ್ದರೆ ಅದರ ಗುಬುಟನ್ನು ಬಿಸಿಯ ಕಡೆಗೆ ತಿರುಗಿಸಿ. ತಣ್ಣಗಿನ ಎಂಜಿನ್ನನ್ನು ಮುಚ್ಚಳವಿಲ್ಲದೆಯೇ ನಿಧಾನಗತಿಯಲ್ಲಿ ಚಾಲೂ ಮಾಡಿ, ಮುಖವನ್ನು ದೂರವಿಡಿ. ಗುಳ್ಳೆಗಳು ಹೊರಬರುತ್ತವೆ. ಮೇಲಿನ ಹೋಸ್ ಬಿಸಿಯಾದರೆ ಥರ್ಮೋಸ್ಟಾಟ್ ತೆರೆಯಿತೆಂದು ಅರ್ಥ. ಆಗ ಮಟ್ಟ ಇಳಿಯುತ್ತದೆ. ಅಷ್ಟನ್ನು ತುಂಬಿ ಕೂಡಲೇ ಮುಚ್ಚಳ ಹಾಕಿ. ದ್ರವ ಕುದಿಯುವವರೆಗೆ ಕಾಯಬೇಡಿ. ಪಕ್ಕದ ಡಬ್ಬಿಯನ್ನು ಎರಡು ಗೆರೆಗಳ ನಡುವೆ ತುಂಬಿ. ಮರುದಿನ ತಣ್ಣಗಿರುವಾಗ ಮಟ್ಟವನ್ನೂ ಕ್ಲಿಪ್‌ನ ಬಿಗಿಯನ್ನೂ ಮತ್ತೆ ನೋಡಿ. ಮೊದಲ ಸಲ ಕಾದು ಆರಿದ ರಬ್ಬರ್ ತುಸು ಅಮುಕಿಕೊಂಡಿರುತ್ತದೆ.

ರೇಡಿಯೇಟರ್ ತೂತು ಮತ್ತು ಅರಿಶಿನದ ಪುಡಿ

ದಾರಿಯಲ್ಲಿ ರೇಡಿಯೇಟರ್ ಸೋರಿದರೆ ಅರಿಶಿನದ ಪುಡಿ ಹಾಕುವುದು ನಮ್ಮ ಚಾಲಕರ ಹಳೆಯ ಉಪಾಯ. ಅದು ಮೂಢನಂಬಿಕೆಯಲ್ಲ. ಅರಿಶಿನದಲ್ಲಿ ಪಿಷ್ಟವೂ ನಾರೂ ಇವೆ. ಬಿಸಿನೀರಿನಲ್ಲಿ ಪಿಷ್ಟ ಉಬ್ಬಿ ಅಂಟಾಗುತ್ತದೆ. ಹರಿವಿನೊಡನೆ ಸಣ್ಣ ತೂತಿಗೆ ಬಂದ ನಾರು, ಪಿಷ್ಟ ಅಲ್ಲಿ ಸಿಕ್ಕಿಕೊಂಡು ಬಾಯಿ ಮುಚ್ಚುತ್ತವೆ. ಆದರೆ ಪುಡಿಗೆ ತೂತು ಯಾವುದು, ರೇಡಿಯೇಟರ್‌ನ ಕಿರಿದಾದ ಕೊಳವೆ ಯಾವುದು ಎಂಬ ವಿವೇಚನೆ ಇಲ್ಲ. ಅಲ್ಲೂ ಕೂತು ಹರಿವಿಗೆ ಅಡ್ಡಿಯಾಗುತ್ತದೆ. ಊರು ಸೇರುವವರೆಗಿನ ಉಪಾಯವೆಂದು ಬಳಸಿದರೂ, ಆಮೇಲೆ ಇಡೀ ವ್ಯವಸ್ಥೆಯನ್ನು ಶುದ್ಧ ನೀರಿನಿಂದ ತೊಳೆಯಲೇಬೇಕು.

ತಾಮ್ರ ಅಥವಾ ಹಿತ್ತಾಳೆಯ ರೇಡಿಯೇಟರ್‌ಗೆ ಬೆಸುಗೆ ಹಾಕಬಹುದು. ಅಲ್ಯೂಮಿನಿಯಂ ಮೇಲೆ ಸದಾ ಆಕ್ಸೈಡಿನ ತೆಳುಪದರ ಇರುವುದರಿಂದ ಮಾಮೂಲಿ ಬೆಸುಗೆ ಹಿಡಿಯುವುದಿಲ್ಲ. ಇವೆರಡೂ ನುರಿತ ರೇಡಿಯೇಟರ್ ಕೆಲಸಗಾರರಿಗೆ ಬಿಡಬೇಕಾದ ಕೆಲಸ.

ಮನೆಯ ದುರಸ್ತಿಗೆ ಮೀರಿದ್ದು

ಹೊರಗೆಲ್ಲೂ ಒದ್ದೆಯಿಲ್ಲ, ಆದರೂ ಕೂಲೆಂಟ್ ಕಡಿಮೆಯಾಗುತ್ತಿದೆಯೆ? ಹೊಗೆಕೊಳವೆಯಿಂದ ಎಂಜಿನ್ ಕಾದ ಮೇಲೂ ಬಿಳಿ ಹೊಗೆ, ಆಯಿಲ್ ಮುಚ್ಚಳದಡಿ ಹಾಲು ಬೆರೆತ ಕಾಫಿಯಂಥ ನೊರೆ, ರೇಡಿಯೇಟರಿನಲ್ಲಿ ನಿಲ್ಲದ ಗುಳ್ಳೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅದಕ್ಕೂ ಒಂದು ಲೆಕ್ಕವಿದೆ. ಅನೇಕ ಎಂಜಿನ್‌ಗಳಲ್ಲಿ ಬ್ಲಾಕ್ ಎರಕದ ಕಬ್ಬಿಣದ್ದು, ಮೇಲಿನ ಹೆಡ್ ಅಲ್ಯೂಮಿನಿಯಮಿನದು. ತಾಪ 100 ಡಿಗ್ರಿ ಏರಿದರೆ 30 ಸೆಂ.ಮೀ. ಅಲ್ಯೂಮಿನಿಯಂ ಸುಮಾರು 0.7 ಮಿ.ಮೀ. ಹಿಗ್ಗುತ್ತದೆ, ಕಬ್ಬಿಣ ಅದರ ಅರ್ಧದಷ್ಟು ಮಾತ್ರ. ಬೋಲ್ಟ್‌ಗಳಿಂದ ಬಿಗಿದಿರುವ ಹೆಡ್ ಹಿಗ್ಗಲು ಜಾಗವಿಲ್ಲದೆ ಸೊಟ್ಟಗಾಗುತ್ತದೆ. ಒಂದು ಹೋಸ್‌ನ ಬೆಲೆ ಉಳಿಸಹೋಗಿ ಎಂಜಿನ್ ಬಿಚ್ಚಿಸುವ ಸ್ಥಿತಿ ಬರುವುದು ಹೀಗೆ.

ತಾಪಸೂಚಿ ಮುಳ್ಳನ್ನೇ ನಂಬಿಕೊಂಡು ಕೂರಬೇಡಿ. ಸಂವೇದಕ ದ್ರವದಲ್ಲಿ ಮುಳುಗಿದ್ದಾಗ ಮಾತ್ರ ಸರಿಯಾದ ತಾಪ ತೋರಿಸುತ್ತದೆ. ದ್ರವ ಇಳಿದು ಸಂವೇದಕ ಗಾಳಿಗೆ ಒಡ್ಡಿಕೊಂಡರೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಎಂಜಿನ್ ಕಾದಿದೆ ಎನಿಸಿದ ಕೂಡಲೇ ನಿಲ್ಲಿಸಿ, ಆರಿಸಿ. ಬಿಸಿ ಎಂಜಿನ್ನಿನ ಮೇಲೆ ತಣ್ಣೀರು ಎರಚಬೇಡಿ. ಲೋಹ ಅಸಮವಾಗಿ ಕುಗ್ಗಿ ಬಿರುಕು ಬಿಡಬಹುದು.

ಸಿಹಿಯಾದ ವಿಷ

ಬಕೆಟ್ಟಿಗೆ ಇಳಿಸಿದ ಹಳೆಯ ಕೂಲೆಂಟ್ ಬಗ್ಗೆ ಕೊನೆಯ, ಆದರೆ ಅತಿ ಮುಖ್ಯ ಮಾತು. ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ. ನಾಯಿ, ಬೆಕ್ಕು, ಚಿಕ್ಕ ಮಕ್ಕಳು ನೆಕ್ಕುವ ಸಾಧ್ಯತೆ ಇದೆ. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು, ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟಿ ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಯಾರಾದರೂ ಕುಡಿದರೆ ಲಕ್ಷಣಗಳಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ನೆಲಕ್ಕೆ ಚೆಲ್ಲಿದ್ದನ್ನು ಮರಳು ಹಾಕಿ ಬಳಿದು ತೆಗೆಯಿರಿ, ಆಮೇಲೆ ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಹಳೆಯ ಕೂಲೆಂಟನ್ನು ಚರಂಡಿಗೆ, ಬಾವಿಯ ಬಳಿಗೆ ಸುರಿಯದೆ, ಹೆಸರು ಬರೆದ ಡಬ್ಬಿಯಲ್ಲಿ ಮುಚ್ಚಿಟ್ಟು, ತೆಗೆದುಕೊಳ್ಳುವ ಗ್ಯಾರೇಜಿಗೆ ಒಪ್ಪಿಸಿ. ಕುಡಿಯುವ ನೀರಿನ ಬಾಟಲಿಯಲ್ಲಂತೂ ಎಂದೂ ತುಂಬಿಡಬೇಡಿ.

ತರಗತಿಯಲ್ಲಿ ಮಾಡಿ ನೋಡಿ

1. ಸೂಜಿಯಿಲ್ಲದ ದೊಡ್ಡ ಸಿರಿಂಜಿನಲ್ಲಿ ಸುಮಾರು 70 ಡಿಗ್ರಿಯ ನೀರನ್ನು ಕಾಲು ಭಾಗ ಎಳೆದುಕೊಳ್ಳಿ. ಒಳಗಿನ ಗಾಳಿ ಹೊರಹಾಕಿ, ರಬ್ಬರ್ ಬಿರಡೆಯಿಂದ ಬಾಯಿ ಮುಚ್ಚಿ ದಂಡವನ್ನು ಜೋರಾಗಿ ಹಿಂದಕ್ಕೆ ಎಳೆಯಿರಿ. ನೀರು ಕುದಿಯುತ್ತದೆ! ಬಿಟ್ಟರೆ ನಿಲ್ಲುತ್ತದೆ. ಬಿಸಿ ರೇಡಿಯೇಟರ್ ಮುಚ್ಚಳ ತೆರೆದಾಗ ಆಗುವುದಕ್ಕೂ ಇದಕ್ಕೂ ಇರುವ ಸಾಮ್ಯವನ್ನು ಚರ್ಚಿಸಿ. ಈ ಪ್ರಯೋಗವನ್ನು ಉಪಾಧ್ಯಾಯರೇ ಮಾಡಿ ತೋರಿಸಬೇಕು.

2. ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಹಾಳೆ ಮತ್ತು ತಾಮ್ರದ ತಂತಿ ಒಂದಕ್ಕೊಂದು ತಾಗದಂತೆ ಇಳಿಬಿಟ್ಟು ಮಲ್ಟಿಮೀಟರ್ ಜೋಡಿಸಿ. ಅರ್ಧ ವೋಲ್ಟಿನ ಆಸುಪಾಸು ವಿಭವಾಂತರ ಕಾಣುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿಯೂ ಮಾಡಿ ನೋಡಿ. ಎರಡರಲ್ಲೂ ಮೀಟರನ್ನು ಮೈಕ್ರೋಆಂಪಿಯರ್ ಸ್ಥಾನಕ್ಕೆ ತಿರುಗಿಸಿ ವಿದ್ಯುತ್ ಪ್ರವಾಹವನ್ನು ಹೋಲಿಸಿ. ರೇಡಿಯೇಟರ್‌ಗೆ ಯಾವ ನೀರು ಲೇಸು ಎಂಬುದನ್ನು ವಿದ್ಯಾರ್ಥಿಗಳೇ ಹೇಳಲಿ.

3. ನಿಮ್ಮ ಊರಿನ ಎತ್ತರದಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ? ಅಳೆದು, 0.9 ಬಾರ್ ಮುಚ್ಚಳವಿದ್ದರೆ ಕುದಿಬಿಂದು ಎಷ್ಟಾಗಬಹುದೆಂದು ಹಬೆಯ ಕೋಷ್ಟಕದ ನೆರವಿನಿಂದ ಕಂಡುಹಿಡಿಯಿರಿ.